ಮಸ್ಕತ್ತಿನಲ್ಲಿ ಹಡಗು ನಿಂತ ದಿನ: ಮಸೀದಿ ಮೊದಲು, ಸೂಕ್ ಆಮೇಲೆ

ದುಬೈಯಿಂದ ಹೊರಡುವ ಕ್ರೂಸ್ ಒಮಾನಿನ ರಾಜಧಾನಿ ಮಸ್ಕತ್ತಿಗೆ ಹೋಗಿ ಮತ್ತೆ ದುಬೈಗೆ ಬಂದರೆ ಅದು ಯುಎಇಗೆ ಎರಡನೇ ಪ್ರವೇಶ. ಭಾರತೀಯ ಪಾಸ್‌ಪೋರ್ಟಿನವರು ಒಂದೇ ಪ್ರವೇಶದ ವೀಸಾ ತೆಗೆದುಕೊಂಡಿದ್ದರೆ ಹಡಗು ಹತ್ತುವ ಕೌಂಟರಿನಲ್ಲೇ ತಡೆಯುತ್ತಾರೆ. ಹಾಗಾಗಿ ಟಿಕೆಟ್ ಕೊಳ್ಳುವಾಗಲೇ ಬಹುಪ್ರವೇಶದ ವೀಸಾ ಮಾಡಿಸಿ. ಒಮಾನಿನ ಅನುಮತಿಯ ಬಗ್ಗೆ ಹಡಗಿನವರಿಂದ ಇಮೇಲಿನಲ್ಲೇ ಉತ್ತರ ಪಡೆದಿಟ್ಟುಕೊಳ್ಳುವುದು ಕ್ಷೇಮ.

ಹಡಗು ನಿಲ್ಲುವುದು ಮಸ್ಕತ್ತಿನ ಮುತ್ರಾ ಎಂಬ ಭಾಗದ ಸುಲ್ತಾನ್ ಕಾಬೂಸ್ ಬಂದರಿನಲ್ಲಿ. ಬಂದರಿನ ಒಳಗೆ ನಡೆದುಕೊಂಡು ಹೋಗಲು ಬಿಡುವುದಿಲ್ಲ, ಗೇಟಿನವರೆಗೆ ಬಸ್ಸಿದೆ. ಗೇಟಿನಾಚೆ ಕಾರ್ನಿಶ್, ಅಂದರೆ ಸಮುದ್ರದಂಚಿನ ರಸ್ತೆ. ಅಲ್ಲಿಂದ ಸೂಕಿಗೆ, ಅಂದರೆ ಹಳೇ ಪೇಟೆಗೆ, ನಡೆದೇ ಹೋಗಬಹುದು, ಎಡವಟ್ಟು ಶುರುವಾಗುವುದೂ ಅಲ್ಲೇ. ಹತ್ತಿರವಿದೆಯೆಂದು ಮೊದಲು ಸೂಕಿಗೆ ನುಗ್ಗಿದವರಿಗೆ ಮಸೀದಿ ತಪ್ಪುತ್ತದೆ. ಸುಲ್ತಾನ್ ಕಾಬೂಸ್ ಮಹಾ ಮಸೀದಿಗೆ ಮುಸ್ಲಿಮೇತರರನ್ನು ಬಿಡುವುದು ಶನಿವಾರದಿಂದ ಗುರುವಾರದವರೆಗೆ, ಬೆಳಿಗ್ಗೆ 8ರಿಂದ 11ರ ತನಕ ಮಾತ್ರ. ಅದಿರುವುದು ಮುತ್ರಾದಿಂದ 20 ಕಿ.ಮೀ.ಗೂ ಆಚೆ. ಸೂಕ್ ಮಧ್ಯಾಹ್ನ ಒಂದರ ಹೊತ್ತಿಗೆ ಮುಚ್ಚಿ ಸಂಜೆ ನಾಲ್ಕೈದಕ್ಕೆ ತೆರೆಯುತ್ತದೆ. ಆದ್ದರಿಂದ ನನ್ನ ಕ್ರಮ ಹೀಗೆ: ಎಂಟರೊಳಗೆ ಗೇಟು ದಾಟಿ ಮಸೀದಿ, ಹನ್ನೊಂದರ ಸುಮಾರಿಗೆ ಸೂಕ್, ಊಟವಾದ ಮೇಲೆ ಹಳೇ ಮಸ್ಕತ್. ಶುಕ್ರವಾರ ಹಡಗು ನಿಂತರೆ ಮಸೀದಿಯ ಆಸೆ ಬಿಡಬೇಕು. ಅಂದು ಬೆಳಿಗ್ಗೆ ಸೂಕಿನ ಬಹುತೇಕ ಅಂಗಡಿಗಳೂ ಮುಚ್ಚಿರುತ್ತವೆ.

ಟ್ಯಾಕ್ಸಿ ಹತ್ತುವ ಮೊದಲೇ ದರ ಮಾತಾಡಿ. ಮಸೀದಿಗೆ ಹೋಗಿಬರುವುದಕ್ಕೆಷ್ಟು, ಅಲ್ಲಿ ಒಂದೂವರೆ ಗಂಟೆ ಕಾಯುವುದಕ್ಕೆಷ್ಟು, ಎರಡನ್ನೂ ಸೇರಿಸಿ ಒಂದೇ ಮೊತ್ತ ಹೇಳಿಸಿಕೊಳ್ಳಬೇಕು. ಒಂದು ಒಮಾನಿ ರಿಯಾಲ್ ಎಂದರೆ ಸುಮಾರು 2.60 ಡಾಲರ್, 1000 ಬೈಸಾ. ಅಂಕಿ ಸಣ್ಣದಾಗಿ ಕಾಣುವುದರಿಂದ ಕೈ ಸಡಿಲವಾಗುತ್ತದೆ. ‘ಬರೀ ಐದು’ ಅಂದದ್ದು 13 ಡಾಲರ್ ಆಗಿರುತ್ತದೆ.

ಮಸೀದಿಯಲ್ಲಿ ಹೆಂಗಸರಿಗೆ ಕೂದಲು, ಮಣಿಕಟ್ಟು, ಹಿಮ್ಮಡಿಯವರೆಗೆ ಮುಚ್ಚಿರಬೇಕು. ಸೀರೆಯಲ್ಲಿ ಸೊಂಟ ಕಾಣುತ್ತದೆ, ಲೆಗ್ಗಿಂಗ್ಸ್ ಮೇಲಿನ ಸೀಳು ಕುರ್ತಾಕ್ಕೂ ತಕರಾರು ಬರುತ್ತದೆ. ಸಡಿಲ ಸಲ್ವಾರ್, ಪೂರ್ತಿ ತೋಳು, ದಪ್ಪ ಹತ್ತಿಯ ದುಪಟ್ಟಾ ಸಾಕು. ರೇಷ್ಮೆಯದಾದರೆ ಜಾರುತ್ತಲೇ ಇರುತ್ತದೆ, ನಾಲ್ಕು ಪಿನ್ ಇಟ್ಟುಕೊಳ್ಳಿ. ಗಂಡಸರಿಗೆ ಉದ್ದ ಪ್ಯಾಂಟು. 10 ವರ್ಷದೊಳಗಿನ ಮಕ್ಕಳಿಗೆ ಪ್ರಾರ್ಥನಾ ಮಂದಿರದೊಳಗೆ ಪ್ರವೇಶವಿಲ್ಲ, ಯಾರಾದರೊಬ್ಬರು ಹೊರಗೆ ನಿಲ್ಲಬೇಕಾಗುತ್ತದೆ. ಒಳಗಿನ ಜಮಖಾನ ಒಂದೇ ತುಂಡು: ಸುಮಾರು 70 ಮೀಟರ್ ಉದ್ದ, 60 ಮೀಟರ್ ಅಗಲ, 21 ಟನ್ ತೂಕ, 170 ಕೋಟಿ ಗಂಟು. ಅದರ ಮೇಲೆ ಹಾಸಿರುವ ಪಟ್ಟಿ ಬಿಟ್ಟು ಆಚೀಚೆ ಕಾಲಿಡುವಂತಿಲ್ಲ.

ಸೂಕಿನಲ್ಲಿ ಕೊಳ್ಳಬೇಕಾದದ್ದು ಧೋಫಾರ್ ಪ್ರಾಂತದ ಲುಬಾನ್, ಅಂದರೆ ಧೂಪಕ್ಕೆ ಹಾಕುವ ಮರದ ಅಂಟು; ಉಳಿದದ್ದರಲ್ಲಿ ಬಹುಪಾಲು ಹೊರಗಿನ ಮಾಲು. ಹೋಜರಿ ಎನ್ನುವ ದರ್ಜೆ ಉತ್ತಮ. ಹರಳನ್ನು ಬೆಳಕಿಗೆ ಹಿಡಿದರೆ ತಿಳಿಹಸಿರು ಛಾಯೆ ಕಾಣಬೇಕು, ಬೆಳಕು ಹಾಯಬೇಕು, ತೊಗಟೆಯ ಚೂರು ಇರಬಾರದು. ಕಂದು ಬಣ್ಣದ ಪುಡಿಯನ್ನು ಅದೇ ಹೆಸರಲ್ಲಿ ಮಾರುತ್ತಾರೆ. ಒಂದು ಹರಳು ಸುಟ್ಟು ತೋರಿಸಿ ಎಂದು ಕೇಳಿ. ಒಳ್ಳೆಯದಾದರೆ ನಿಂಬೆಯಂಥ ಪರಿಮಳ. ಮನೆಯಲ್ಲಿ ಹಾಕುವಾಗ ಕೆಂಡದ ಮೇಲೆ ಬೂದಿ ಕಟ್ಟುವವರೆಗೆ ಕಾಯಿರಿ, ಆಮೇಲೆ ಕಡಲೆಕಾಳಿನಷ್ಟು ಹರಳು ಇಡಿ. ನಿಗಿನಿಗಿ ಕೆಂಡಕ್ಕೆ ಹಾಕಿದರೆ ಕರಕಲು ಹೊಗೆಯೇ ಬರುತ್ತದೆ. ಹಡಗಿನ ಕೋಣೆಯಲ್ಲಂತೂ ಹಚ್ಚಲೇಬೇಡಿ, ಅಲಾರಂ ಹೊಡೆದುಕೊಳ್ಳುತ್ತದೆ. ಸೂಕಿನ ಪಕ್ಕದ ಸೂರ್ ಅಲ್ ಲವಾತಿಯಾ ಎಂಬ ಗೋಡೆಯೊಳಗಿನ ಕೇರಿ ಜನರ ವಾಸದ ಜಾಗ. ಬಾಗಿಲು ತೆರೆದಿದೆಯೆಂದು ಕ್ಯಾಮೆರಾ ಹಿಡಿದು ಒಳಹೋಗಬೇಡಿ.

ಹಳೇ ಮಸ್ಕತ್ ಕಾರ್ನಿಶ್ ಗುಂಟ ಮೂರ್ನಾಲ್ಕು ಕಿ.ಮೀ. ಬಿಸಿಲಲ್ಲಿ ನಡೆಯುವ ಹಟ ಬೇಡ. 1972ರ ಅಲ್ ಆಲಂ ಅರಮನೆಯನ್ನು ಹೊರಗಿನಿಂದಷ್ಟೇ ನೋಡಬಹುದು. ಅದರ ಎರಡೂ ಬದಿಯ ಜಲಾಲಿ, ಮಿರಾನಿ ಕೋಟೆಗಳು 1507ರಲ್ಲಿ ಊರು ಹಿಡಿದು 1650ರಲ್ಲಿ ಕೈಬಿಟ್ಟ ಪೋರ್ಚುಗೀಸರ ಕಾಲದವು. ಎದುರಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮಧ್ಯಾಹ್ನದ ಬಿಸಿಲು ಕಳೆಯಬಹುದು. ಟಿಪ್ಪುವಿನ ಕಾಲದಲ್ಲಿ ಮಸ್ಕತ್ತಿನಲ್ಲಿ ಮೈಸೂರಿನ ವ್ಯಾಪಾರದ ಕೋಠಿಯಿತ್ತು, ಮಂಗಳೂರಿನ ಅಕ್ಕಿ ಇಲ್ಲಿಗೆ ಬರುತ್ತಿತ್ತು ಎಂಬುದನ್ನು ನೆನೆದು ಈ ಬಂದರನ್ನು ನೋಡಿದರೆ ಅಷ್ಟು ಪರಕೀಯ ಅನ್ನಿಸುವುದಿಲ್ಲ.

ಖಂಜರ್, ಅಂದರೆ ಒಮಾನಿನ ಬಾಗಿದ ಕಠಾರಿ, ಕೊಂಡರೆ ಹಡಗಿನ ಸ್ಕ್ಯಾನರಿನಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಚೀಟಿ ಪಡೆದು ಕೊನೆಯ ದಿನ ಬಿಡಿಸಿಕೊಳ್ಳಬೇಕು. ಹಡಗು ಹೊರಡುವ ಹೊತ್ತಲ್ಲ, ಎಲ್ಲರೂ ಹತ್ತಿರಬೇಕಾದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಅದಕ್ಕಿಂತ ಒಂದು ಗಂಟೆ ಮುಂಚೆ ಗೇಟಿನಲ್ಲಿರಿ, ಕೊನೆಗಳಿಗೆಯಲ್ಲಿ ಬಸ್ಸಿಗೆ ಸಾಲು ಉದ್ದವಿರುತ್ತದೆ.