ಕಾಸರಗೋಡಿನ ಮನೆಯಲ್ಲಿ 6 ಅಡಿ ರೀಫ್ ಟ್ಯಾಂಕ್ ಕಟ್ಟೋದಾದ್ರೆ

ಮನೆಗೆ ಬಂದವರೆಲ್ಲ ಚಾವಡಿಯ ರೀಫ್ ಟ್ಯಾಂಕ್ (ಉಪ್ಪುನೀರಲ್ಲಿ ಮೀನು, ಕೋರಲ್ ಅಂದ್ರೆ ಹವಳ ಸಾಕುವ ಗ್ಲಾಸ್ ಟ್ಯಾಂಕ್) ಎದುರು ನಿಂತು ಮೊದಲು ಕೇಳೋದು ಮೀನಿಗೆ ಎಷ್ಟಾಯ್ತು ಅಂತ. ಮೀನಿಗೆ ಆದದ್ದು ಎಂತ ಇಲ್ಲ ಮಾರಾಯ್ರೆ, ದುಡ್ಡೆಲ್ಲ ಹೋದದ್ದು ಹಿಂದಿನ ಉಗ್ರಾಣದಲ್ಲಿರೋ ಪೈಪು, ಪಂಪು, ಡ್ರಮ್ಮಿಗೆ. ಈಗ ಮೂರ್ನಾಲ್ಕು ಜನ ನನಗೂ ಬೇಕು ಅಂತ ಹಿಂದೆ ಬಿದ್ದಿದ್ದಾರೆ, ಪ್ರತಿಯೊಬ್ಬರಿಗೂ ಫೋನಲ್ಲಿ ಒಂದು ಗಂಟೆ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಒಮ್ಮೆ ಬರೆದೇ ಬಿಡುವ ಅಂತ.

ಒಂದು ವಿಷಯ ಮೊದಲೇ ಹೇಳ್ತೇನೆ. ನಮ್ಮಲ್ಲಿ ಟ್ಯಾಂಕ್ ಪ್ಲಾನ್ ಮಾಡುವಾಗ ಎಲ್ಲಾ ಚಂದ ಓಡ್ತಾ ಇರುವಾಗ ಹೇಗೆ ಕಾಣ್ತದೆ ಅಂತ ಯೋಚನೆ ಮಾಡ್ಲೇಬಾರದು. ಆಟಿ ತಿಂಗಳ ಮಳೆ, ರಾತ್ರಿ ಎರಡು ಗಂಟೆ, ಎಲ್ಲೋ ಲೈನ್ ಮೇಲೆ ಅಡಿಕೆ ಮರ ಬಿದ್ದು ಕರೆಂಟ್ ಹೋಗಿದೆ, ನೀವು ನಿದ್ದೆಯಲ್ಲಿದ್ದೀರಿ. ಆಗ ಈ ನೀರು ಎಲ್ಲಿಗೆ ಹೋಗ್ತದೆ, ಮೀನಿಗೆ ಗಾಳಿ ಎಲ್ಲಿಂದ ಬರ್ತದೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಗ್ಲಾಸ್ ಆರ್ಡರ್ ಮಾಡಿ.

ಸೈಜ್. ನನ್ನದು 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ, ಅಂದ್ರೆ ತುಂಬಾ ತುಂಬಿಸಿದ್ರೆ ಸುಮಾರು 680 ಲೀಟರ್. ಎತ್ತರ ಇನ್ನೂ ಜಾಸ್ತಿ ಮಾಡ್ಬೇಡಿ, ಕೈ ತಳಕ್ಕೆ ಮುಟ್ಟುವುದಿಲ್ಲ, ಗ್ಲಾಸ್ ದಪ್ಪ ಬೇಕು, ಲೈಟ್ ಕೂಡ ಜಾಸ್ತಿ ಬೇಕು. ಅಗಲ ಜಾಸ್ತಿ ಮಾಡಿದ್ರೆ ಒಳ್ಳೇದೇ. ಉಪ್ಪು ನೀರೇ 700 ಕೆಜಿ ಹತ್ತಿರ ಆಯ್ತು, 15 ಎಂಎಂ ಗ್ಲಾಸಿಗೆ 150 ಕೆಜಿ, ಮತ್ತೆ ಕಲ್ಲು, ಮರಳು, ಸ್ಟ್ಯಾಂಡ್, ಎಲ್ಲಾ ಸೇರಿ ಒಂದು ಟನ್ನಿಗಿಂತ ಮೇಲೆ. ಇದೆಲ್ಲ ನಿಲ್ಲುವ ಜಾಗ ಬರೀ 1.1 ಚದರ ಮೀಟರ್. ಮನೆಯ ರೂಮಿನ ಸ್ಲ್ಯಾಬಿಗೆ ಲೆಕ್ಕ ಹಾಕುವ ಲೋಡ್ ಚದರ ಮೀಟರಿಗೆ ಸುಮಾರು 200 ಕೆಜಿ ಅಷ್ಟೇ. ಹಾಗಾಗಿ ಮಹಡಿ ಮೇಲೆ ಇಡುವ ಆಸೆ ಇದ್ರೆ ಎಂಜಿನಿಯರ್ ಹತ್ರ ಕೇಳದೆ ಇಡ್ಲೇಬೇಡಿ, ನೆಲದ ಮೇಲೆ ಇಡೋದು ಎಲ್ಲಕ್ಕಿಂತ ಸಲೀಸು.

ಸ್ಟ್ಯಾಂಡಿಗೆ ಎಲ್ಲರೂ ಕಬ್ಬಿಣದ ಸ್ಕ್ವೇರ್ ಪೈಪ್ ವೆಲ್ಡ್ ಮಾಡಿಸ್ತಾರೆ, ನಾನು ಮಾಡಿಸಲಿಲ್ಲ. ಕರಾವಳಿಯ ಗಾಳಿಗೇ ಗೇಟು ತುಕ್ಕು ಹಿಡೀತದೆ, ಅದರ ಮೇಲೆ ಟ್ಯಾಂಕಿನ ಉಪ್ಪು ಸಿಡಿದ್ರೆ ಕೇಳ್ಬೇಕಾ. ಮುರಕಲ್ಲಿನ ಮೂರು ಪಿಲ್ಲರ್ ಕಟ್ಟಿಸಿ, ಸಿಮೆಂಟ್ ಸಾರಣೆ ಮಾಡಿಸಿ, ಮೇಲೆ ದಪ್ಪದ ಗ್ರಾನೈಟ್ ಚಪ್ಪಡಿ ಹಾಕಿಸಿದೆ. ಮೇಸ್ತ್ರಿ ನಕ್ಕದ್ದು ಉಂಟು, ಎಂತ ನಾಗನಕಟ್ಟೆಯಾ ಅಂತ. ಆದ್ರೆ ಲೆವೆಲ್ ಟ್ಯೂಬಲ್ಲಿ ನಾಲ್ಕೂ ಮೂಲೆ ನೋಡಿ ಒಂದು ಎಂಎಂ ಬಿಡದೆ ಕೂರಿಸಿ ಕೊಟ್ಟ. ಟ್ಯಾಂಕಿನ ಅಡಿಗೆ ಫೋಮ್ ಶೀಟ್ ಹಾಕಿ, ಚಪ್ಪಡಿಯಲ್ಲಿ ಒಂದು ಸಣ್ಣ ಉಬ್ಬು ಇದ್ರೂ ಗ್ಲಾಸ್ ಬಿರುಕು ಬಿಡ್ತದೆ.

ಪಿಲ್ಲರ್ ಇದ್ದದ್ದರಿಂದ ಅಡಿಯಲ್ಲಿ 4 ಅಡಿ ಸಂಪ್ (ಮೇಲಿನ ಟ್ಯಾಂಕಿನ ನೀರು ಬಂದು ಬೀಳುವ, ಪಂಪ್ ಇರುವ ಎರಡನೇ ಟ್ಯಾಂಕ್) ಹಿಡಿಯುದಿಲ್ಲ, ಹಾಗಾಗಿ ಸಂಪ್ ಗೋಡೆಯ ಆಚೆ ಉಗ್ರಾಣಕ್ಕೆ ಹೋಯ್ತು. ಇದು ಅನಿವಾರ್ಯಕ್ಕೆ ಮಾಡಿದ್ದು, ಆದ್ರೆ ಈಗ ಯಾರು ಕೇಳಿದ್ರೂ ಹೀಗೇ ಮಾಡಿ ಅಂತೇನೆ. ಸದ್ದಿಲ್ಲ, ನೀರು ಚೆಲ್ಲಿದ್ರೆ ಚಾವಡಿ ಒದ್ದೆ ಆಗುದಿಲ್ಲ, ಕೆಲಸ ಮಾಡ್ಲಿಕ್ಕೆ ಬಗ್ಗಬೇಕಂತ ಇಲ್ಲ.

ಈಗ ಆ ನೀರಿನ ಲೆಕ್ಕ. ಮೇಲಿನ ಟ್ಯಾಂಕಿಂದ ನೀರು ಬಾಚಣಿಗೆಯ ಹಾಗೆ ಹಲ್ಲಿರುವ ಓವರ್‌ಫ್ಲೋ ಬಾಕ್ಸಿಗೆ ಬಿದ್ದು ಪೈಪಲ್ಲಿ ಸಂಪಿಗೆ ಬರ್ತದೆ, ಅಲ್ಲಿಂದ ರಿಟರ್ನ್ ಪಂಪ್ ಪುನಃ ಮೇಲೆ ಕಳಿಸ್ತದೆ. ಪಂಪ್ ನಿಂತ ಕೂಡ್ಲೇ ಎರಡು ಕಡೆಯಿಂದ ನೀರು ಕೆಳಗೆ ಬರ್ತದೆ, ಒಂದು ಓವರ್‌ಫ್ಲೋ ಹಲ್ಲಿನ ಮಟ್ಟದವರೆಗೆ, ಇನ್ನೊಂದು ರಿಟರ್ನ್ ಪೈಪಲ್ಲಿ ಹಿಂದಕ್ಕೆ ಸೈಫನ್ ಆಗಿ, ಅಂದ್ರೆ ಪೈಪಿನ ಬಾಯಿ (ನಾಜಲ್) ನೀರಿಂದ ಹೊರಗೆ ಬರುವವರೆಗೆ ಪೈಪೇ ನೀರನ್ನು ಎಳೆದುಕೊಂಡು. 6 ಬೈ 2 ಅಡಿ ಟ್ಯಾಂಕಲ್ಲಿ ಒಂದು ಸೆಂಟಿಮೀಟರ್ ನೀರು ಅಂದ್ರೆ 11 ಲೀಟರ್, ಇದನ್ನು ಗೋಡೆ ಮೇಲೆ ಬರೆದಿಡಿ. ನಾನು ಶುರುವಿಗೆ ರಿಟರ್ನ್ ನಾಜಲ್ ನೀರಿನ ಒಳಗೆ 5 ಇಂಚು ಕೆಳಗೆ ಇಟ್ಟಿದ್ದೆ, ನೋಡ್ಲಿಕ್ಕೆ ಚಂದ ಅಂತ. 5 ಇಂಚು ಅಂದ್ರೆ ಹನ್ನೆರಡೂವರೆ ಸೆಂಟಿಮೀಟರ್, ಅಂದ್ರೆ 140 ಲೀಟರ್ ಹತ್ತಿರ. ಸಂಪಲ್ಲಿ ಖಾಲಿ ಇದ್ದದ್ದು 50 ಲೀಟರ್ ಜಾಗ. ಬೆಳಿಗ್ಗೆ ಅಮ್ಮ ಉಗ್ರಾಣದ ಬಾಗಿಲು ತೆಗೆದವರು ಅಲ್ಲಿಂದಲೇ ನನ್ನ ಹೆಸರು ಕರೆದ ಸ್ವರದಲ್ಲೇ ಗೊತ್ತಾಯ್ತು, ಹೋಗಿ ನೋಡಿದ್ರೆ ಎರಡು ಗೋಣಿ ಚಾಲಿ ಅಡಿಕೆ ಉಪ್ಪುನೀರಲ್ಲಿ ಕೂತಿದೆ. ಆ ವರ್ಷದ ರೇಟಲ್ಲಿ ಅದು ಒಂದು ಒಳ್ಳೆ ವೇವ್‌ಮೇಕರಿನ (ಟ್ಯಾಂಕಿನ ಒಳಗೆ ಅಲೆ ಎಬ್ಬಿಸುವ ಪಂಪು) ದುಡ್ಡು. ನಾಜಲ್ ಈಗ ನೀರಿನ ಮಟ್ಟದಿಂದ ಒಂದು ಇಂಚು ಕೆಳಗೆ ಮಾತ್ರ. ನೀರು ಹಿಂದಕ್ಕೆ ಬಾರದ ಹಾಗೆ ಚೆಕ್ ವಾಲ್ವ್ ಹಾಕಿದ್ರೆ ಆಯ್ತಲ್ಲ ಅಂತ ಕೇಳ್ಬೇಡಿ, ಅದರೊಳಗೆ ಪಾಚಿ, ಚಿಪ್ಪು ಕೂತು ಒಂದು ದಿನ ಮುಚ್ಚುವುದೇ ಇಲ್ಲ.

ಕೆಳಗೆ ಬರುವ ಪೈಪ್ ಒಂದೇ ಸಾಲದು, ಮೂರು ಬೇಕು. ಒಂದು ಗೇಟ್ ವಾಲ್ವ್ ಇರೋ ಫುಲ್ ಸೈಫನ್, ಹೆಚ್ಚಿನ ನೀರು ಅದರಲ್ಲೇ ಸದ್ದಿಲ್ಲದೆ ಹೋಗ್ತದೆ. ಎರಡನೇದು ಸ್ವಲ್ಪ ಎತ್ತರದಲ್ಲಿ, ಹೆಚ್ಚು ಕಮ್ಮಿ ಆದ್ರೆ ಅದರಲ್ಲಿ ತೆಳ್ಳಗೆ ಹರೀತದೆ. ಮೂರನೇದು ಇನ್ನೂ ಮೇಲೆ, ಯಾವಾಗ್ಲೂ ಒಣಗೇ ಇರ್ಬೇಕು, ಮೊದಲಿನ ಎರಡಕ್ಕೆ ಬಸವನಹುಳು ಸಿಕ್ಕಿಹಾಕಿಕೊಂಡ ದಿನಕ್ಕೆ ಅದು. ರಿಟರ್ನ್ ಪಂಪ್ ಗಂಟೆಗೆ 2500-3000 ಲೀಟರ್ ನಿಜವಾಗಿ ಮೇಲೆ ತಲುಪಿಸಿದ್ರೆ ಸಾಕು, ಡಬ್ಬಿ ಮೇಲೆ ಬರೆದದ್ದು ಎತ್ತರ ಸೊನ್ನೆ ಇರುವಾಗಿನ ಲೆಕ್ಕ.

ಕರೆಂಟ್ ಹೋದಾಗ ಮೊದಲು ಸಾಯೋದು ಆಮ್ಲಜನಕ ಸಾಲದೆ, ಲೈಟ್ ಇಲ್ಲದೆ ಕೋರಲ್ ಎರಡು ದಿನ ಆರಾಮ ಇರ್ತದೆ. ಹಾಗಾಗಿ ಇನ್ವರ್ಟರಿಗೆ ಲೈಟೂ ಬೇಡ, ನೀರು ತಂಪು ಮಾಡುವ ಚಿಲ್ಲರೂ ಬೇಡ, ರಿಟರ್ನ್ ಪಂಪ್ ಮತ್ತು ಒಂದು ವೇವ್‌ಮೇಕರ್ ಮಾತ್ರ ಕೊಡಿ. ನನ್ನದು ಎರಡೂ ಸೇರಿ 90 ವ್ಯಾಟ್. 12 ವೋಲ್ಟಿನ 150 ಎಎಚ್ ಬ್ಯಾಟರಿ ಅಂದ್ರೆ 1800 ವ್ಯಾಟ್ ಅವರ್, ಅರ್ಧ ಮಾತ್ರ ನಂಬಿದ್ರೆ 900, ಅಂದ್ರೆ 10 ಗಂಟೆ. ಮಳೆಗಾಲಕ್ಕೆ ಅದೂ ಸಾಲದು ಅಂತ ಬ್ಯಾಟರಿಯಲ್ಲಿ ಓಡುವ ಸಣ್ಣ ಏರ್ ಪಂಪ್ ಎರಡು ಇಟ್ಟಿದ್ದೇನೆ, ಬೋಟಿನವರು ಮೀನು ಜೀವಂತ ಇಡ್ಲಿಕ್ಕೆ ಉಪಯೋಗಿಸ್ತಾರಲ್ಲ ಅಂಥದ್ದು. ಮತ್ತೆ 30 ಎಂಎ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಕೂಡ್ಲೇ ಲೈನ್ ಕಟ್ ಮಾಡುವ ಸ್ವಿಚ್) ಇಲ್ಲದೆ ಉಪ್ಪುನೀರಿಗೆ ಕೈ ಹಾಕ್ಲೇಬೇಡಿ. ಪ್ರತಿ ವಯರ್ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಮೇಲೆ ಬರುವ ಹಾಗೆ ಇರ್ಲಿ, ವಯರಲ್ಲಿ ಇಳಿದ ನೀರು ಅಲ್ಲೇ ತೊಟ್ಟಿಕ್ಕಲಿ. ಅಕ್ಟೋಬರ್-ನವೆಂಬರಲ್ಲಿ ಸಂಜೆ ಸಂಜೆ ಬರುವ ನಮ್ಮ ಸಿಡಿಲು ಗೊತ್ತುಂಟಲ್ಲ, ಗುಡುಗು ಶುರುವಾದ್ರೆ ನಾನು ಮೈನ್ಸಿಂದ ಪ್ಲಗ್ ಕಿತ್ತು ಏರ್ ಪಂಪಿಗೆ ಬಿಡ್ತೇನೆ, ಆಗ ಟ್ಯಾಂಕಿಗೆ ಕೈಯೂ ಹಾಕುದಿಲ್ಲ.

ಸೆಕೆ. ಏಪ್ರಿಲ್-ಮೇಯಲ್ಲಿ ಎಂತದೂ ಮಾಡದಿದ್ರೆ ನೀರು 31-32 ಡಿಗ್ರಿಗೆ ಹೋಗ್ತದೆ, ಬೇಕಾದದ್ದು 25ರಿಂದ 27. ಯೂಟ್ಯೂಬಲ್ಲಿ ನೋಡಿ ಫ್ಯಾನ್ ಇಟ್ಟವರು ಉಂಟು, ಫ್ಯಾನ್ ತಂಪು ಮಾಡೋದು ನೀರು ಆವಿಯಾಗಿ, ಇಲ್ಲಿ ಒಣ ಹಾಕಿದ ಬಟ್ಟೆಯೇ ಒಣಗದ ಗಾಳಿ, ಇನ್ನು ಟ್ಯಾಂಕ್ ನೀರು ಎಲ್ಲಿ ಆರ್ತದೆ. ಬೆಂಗಳೂರಿನವರಿಗೆ ಆಗ್ತದೆ, ನಮಗೆ ಅರ್ಧ ಕೆಲಸ ಮಾತ್ರ. ಚಿಲ್ಲರ್ ಬೇಕೇ ಬೇಕು, ಅದನ್ನು ಸಂಪಿನ ಪಕ್ಕ ಮುಚ್ಚಿದ ಕೋಣೆಯಲ್ಲಿ ಇಡ್ಬೇಡಿ, ಅದು ಬಿಟ್ಟ ಬಿಸಿಯನ್ನು ಅದೇ ಪುನಃ ತಣಿಸ್ತಾ ಕೂರ್ತದೆ. ನನ್ನದು ಹಿಂದಿನ ಜಗಲಿಯಲ್ಲಿ, ಮಳೆ ಬೀಳದ ಮೂಲೆಯಲ್ಲಿ ಉಂಟು.

ನೀರಿನ ಬಗ್ಗೆ ಎಲ್ಲರದ್ದೂ ಒಂದೇ ಮಾತು, ಸಮುದ್ರ ಅರ್ಧ ಗಂಟೆ ದೂರದಲ್ಲಿ ಉಂಟು, ಪಿಕಪ್ಪಲ್ಲಿ ನಾಲ್ಕು ಡ್ರಮ್ ತಂದ್ರೆ ಆಯ್ತಲ್ಲ? ದಡದ ನೀರು ಆಗುದಿಲ್ಲ. ಚಂದ್ರಗಿರಿ, ಶಿರಿಯ, ಕುಂಬ್ಳೆ ಹೊಳೆ ಎಲ್ಲಾ ಅಲ್ಲೇ ಬಂದು ಬೀಳೋದು, ಜೂನಿಂದ ನಾಲ್ಕು ತಿಂಗಳು ಉಪ್ಪು ಎಷ್ಟೋ ಇಳಿದು ಕೆಸರು ತುಂಬಿರ್ತದೆ, ಬೋಟಿನ ಡೀಸೆಲ್ ಬೇರೆ. ಉಪ್ಪು ಪೌಡರ್ ತಗೊಂಡು ನಾವೇ ಕಲಸೋದೇ ಒಳ್ಳೇದು. ಲೀಟರಿಗೆ 35-38 ಗ್ರಾಂ, ಸಂಪ್ ಸೇರಿ 800 ಲೀಟರಿಗೆ ಸುಮಾರು 30 ಕೆಜಿ, ಗುರಿ 35 ಪಿಪಿಟಿ, ಅಂದ್ರೆ ಸಾವಿರ ಪಾಲಿಗೆ 35 ಪಾಲು ಉಪ್ಪು. ಉಪ್ಪು ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಲ್ಲಿ ಅಲ್ಲ, 35 ಪಿಪಿಟಿ ದ್ರಾವಣದಲ್ಲೇ ಸೆಟ್ ಮಾಡ್ಬೇಕು.

ಉಪ್ಪು ಕಲಸುವ ಸಿಹಿನೀರು ಆರ್‌ಒ (ಮೆಂಬ್ರೇನ್ ಫಿಲ್ಟರ್) ಮತ್ತು ಡಿಐ (ಉಳಿದ ಲವಣ ಹಿಡಿಯುವ ರೆಸಿನ್) ದಾಟಿ ಟಿಡಿಎಸ್, ಅಂದ್ರೆ ನೀರಲ್ಲಿ ಕರಗಿದ ಲವಣದ ಲೆಕ್ಕ, ಸೊನ್ನೆ ಆಗಿರ್ಬೇಕು. ನನ್ನ ಬಾವಿ ನೀರಿನ ಟಿಡಿಎಸ್ಸೇ 45, ಹಾಗಾಗಿ ಡಿಐ ರೆಸಿನ್ ವರ್ಷಗಟ್ಟಲೆ ಬರ್ತದೆ ಅಂತ ಖುಷಿಯಲ್ಲಿದ್ದೆ, ಒಂದೂವರೆ ತಿಂಗಳಲ್ಲಿ ಮುಗೀತು. ಮಂಡೆ ಬಿಸಿ ಆಯ್ತು, ಆಮೇಲೆ ಗೊತ್ತಾದದ್ದು ಮುರಕಲ್ಲು ಜಾಗದ ಬಾವಿ ನೀರು ಹೆಚ್ಚಾಗಿ ಆಸಿಡ್ ಕಡೆಗೆ ಇರ್ತದೆ, ಅದರಲ್ಲಿ ಕರಗಿದ ಕಾರ್ಬನ್ ಡೈ ಆಕ್ಸೈಡ್ ಟಿಡಿಎಸ್ ಮೀಟರಿಗೂ ಸರಿಯಾಗಿ ಕಾಣುದಿಲ್ಲ, ಆರ್‌ಒ ಮೆಂಬ್ರೇನಲ್ಲೂ ನಿಲ್ಲುದಿಲ್ಲ, ಸೀದಾ ಹೋಗಿ ರೆಸಿನ್ ತಿಂದು ಹಾಕ್ತದೆ. ಮದ್ದು ಸುಲಭ, ಬಾವಿ ನೀರನ್ನು ಡ್ರಮ್ಮಲ್ಲಿ ತುಂಬಿಸಿ ಒಂದು ರಾತ್ರಿ ಏರ್ ಸ್ಟೋನ್ ಹಾಕಿ ಗುಳುಗುಳು ಮಾಡಿ, ಗ್ಯಾಸ್ ಹಾರಿ ಹೋಗ್ತದೆ, ಬೆಳಿಗ್ಗೆ ಆರ್‌ಒಗೆ ಬಿಡಿ.

ಡ್ರಮ್ ಅಂದ ಕೂಡ್ಲೇ ಹೇಳ್ಬೇಕಾದ ವಿಷಯ, ಅಡಿಕೆ ತೋಟ ಇದ್ದವರು ಇದನ್ನು ಎರಡು ಸಲ ಓದಿ. ಮಹಾಳಿಗೆ (ಅಡಿಕೆಯ ಕೊಳೆ ರೋಗ) ಬಿಡುವ ಬೋರ್ಡೋ ದ್ರಾವಣ ಅಂದ್ರೆ 100 ಲೀಟರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತು ಅಂದ್ರೆ ತಾಮ್ರ, ಸಿಗಡಿ, ಬಸವನಹುಳು, ಕೋರಲ್ ಇವುಕ್ಕೆಲ್ಲ ತಾಮ್ರ ಒಂದು ಚೂರು ಸಾಕು ಸಾಯ್ಲಿಕ್ಕೆ. ಹಳೇ ನೀಲಿ ಡ್ರಮ್ ಒಂದು ಕೊಟ್ಟಿಗೆ ಹತ್ರ ಇತ್ತು, ಸೋಪು ಹಾಕಿ ಮೂರು ಸಲ ತಿಕ್ಕಿ ತೊಳೆದು ಅದರಲ್ಲೇ ಉಪ್ಪು ಕಲಸಿ ನೀರು ಬದಲಾಯಿಸಿದೆ. ಸಂಜೆಗೆ ಬಸವನಹುಳುಗಳೆಲ್ಲ ಗ್ಲಾಸಿಂದ ಉದುರಿ ಮರಳಲ್ಲಿ ಬೆನ್ನಡಿಯಾಗಿ ಬಿದ್ದಿದ್ದವು, ಕ್ಲೀನರ್ ಸಿಗಡಿ ಒಂದೇ ಕಡೆ ನಡುಗ್ತಾ ಇತ್ತು, ಬೆಳಿಗ್ಗೆಗೆ ಅದೂ ಇಲ್ಲ. ಮೀನಿಗೆ ಎಂತದೂ ಆಗ್ಲಿಲ್ಲ, ಅದರಿಂದಲೇ ತಾಮ್ರ ಅಂತ ಗುಮಾನಿ ಬಂದದ್ದು. ಡ್ರಮ್ಮಿನ ಮುಚ್ಚಳದ ಎಡೆಯಲ್ಲಿ ಟಾರ್ಚ್ ಹಾಕಿ ನೋಡಿದ್ರೆ ತೆಳ್ಳಗೆ ನೀಲಿ ಗೆರೆ ಉಂಟು. ಟ್ಯಾಂಕಿಗೆ ಬೇಕಾದ ಡ್ರಮ್, ಬಾಲ್ದಿ, ಪೈಪ್ ಎಲ್ಲಾ ಹೊಸತು ತಗೊಂಡು ಕೆಂಪು ಪೇಂಟಲ್ಲಿ ಗುರುತು ಹಾಕಿ, ಮದ್ದು ಬಿಟ್ಟು ಬಂದ ದಿನ ಟ್ಯಾಂಕಿಗೆ ಕೈ ಹಾಕ್ಬೇಡಿ. ಹಿತ್ತಾಳೆ ವಾಲ್ವ್ ಕೂಡ ಪ್ಲಂಬಿಂಗಲ್ಲಿ ಎಲ್ಲೂ ಬೇಡ, ಅದರಲ್ಲೂ ತಾಮ್ರವೇ ಇರೋದು.

ಕಲ್ಲು. ಮುರಕಲ್ಲಲ್ಲಿ ತೂತು ಇರ್ತದಲ್ಲ, ಅದನ್ನೇ ಹಾಕುವ ಅಂತ ಒಬ್ಬರು ಹೇಳಿದ್ರು, ಅದರಲ್ಲಿ ಕಬ್ಬಿಣವೇ ಜಾಸ್ತಿ, ಬೇಡ. ಸಮುದ್ರದಿಂದ ಹವಳದ ಕಲ್ಲು ತರೋದಂತೂ ಸೀದಾ ಕೇಸ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಗೆ 2001ರಲ್ಲಿ ಗಟ್ಟಿ ಹವಳಗಳೆಲ್ಲ, ಸೀ ಫ್ಯಾನ್ ಎಲ್ಲಾ ಸೇರಿವೆ, ಸಮುದ್ರಕುದುರೆ ಕೂಡ ಆಗಲೇ ಆ ಪಟ್ಟಿಗೆ ಬಂದದ್ದು. ಲಕ್ಷದ್ವೀಪದಿಂದ ತರಿಸಿ ಕೊಡ್ತೇನೆ ಅಂತ ಯಾರಾದ್ರೂ ಪಿಸುಗುಟ್ಟಿದ್ರೆ ಫೋನ್ ಇಡಿ. ಅಂಗಡಿಯ ಡ್ರೈ ರಾಕ್ ಅಥವಾ ಸೆರಾಮಿಕ್ ರಾಕ್ ತಗೊಳ್ಳಿ. ಮರುವಾಯಿ ಚಿಪ್ಪು ಪುಡಿ ಮಾಡಿ ಬಿಳಿ ಸಿಮೆಂಟಲ್ಲಿ ಕಲಸಿ ನೀವೇ ಎರಕ ಹೊಯ್ಯಬಹುದು, ಆದ್ರೆ ಎರಡು ತಿಂಗಳು ನೀರಲ್ಲಿ ನೆನೆಸಿ, ನೀರು ಬದಲಾಯಿಸ್ತಾ, ಪಿಎಚ್ ಇಳಿದ ಮೇಲೆ ಮಾತ್ರ. ಕಲ್ಲನ್ನು ಗುಡ್ಡೆ ಹಾಕ್ಬೇಡಿ, ಹಿಂದೆ ಕೈ ಹೋಗುವಷ್ಟು ಎಡೆ ಬಿಡಿ, ನೀರು ಸುತ್ತ ಓಡಾಡ್ಬೇಕು.

ಇಷ್ಟಾದ ಮೇಲೆ ಸೈಕಲ್, ಅಂದ್ರೆ ಮೀನಿನ ಗಲೀಜಿನ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ಬೆಳೆಸೋದು. ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯವನ್ನು 2 ಪಿಪಿಎಂಗೆ (ಹತ್ತು ಲಕ್ಷಕ್ಕೆ 2 ಪಾಲು) ತನ್ನಿ, ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡ್ತದೆ, ಹಾಕಿದ ಅಮೋನಿಯ 24 ಗಂಟೆಯಲ್ಲಿ ಸೊನ್ನೆ ಆಗಿ ನೈಟ್ರೈಟೂ ಸೊನ್ನೆ ಬಂದ್ರೆ ಮುಗೀತು. ನಾಲ್ಕರಿಂದ ಆರು ವಾರ. ಈ ಖಾಲಿ ದಿನಗಳಲ್ಲಿ ಒಂದು ಕೆಲಸ ಮಾಡಿ, ದಿನಕ್ಕೆ ಒಮ್ಮೆ ಮನೆಯವರಿಗೆ ಹೇಳದೆ ಮೈನ್ ಸ್ವಿಚ್ ಆಫ್ ಮಾಡಿ, ಸಂಪ್ ಎಲ್ಲಿವರೆಗೆ ತುಂಬ್ತದೆ ನೋಡಿ ಮಾರ್ಕರಲ್ಲಿ ಗೆರೆ ಎಳೆಯಿರಿ, ಪುನಃ ಆನ್ ಮಾಡಿ ಸೈಫನ್ ತನ್ನಷ್ಟಕ್ಕೆ ಹಿಡೀತದಾ ನೋಡಿ. ಬೈಗುಳ ಬೀಳ್ತದೆ, ಬೀಳ್ಲಿ.

ಮೀನು ಕೊನೆಗೆ. ಮೊದಲು ಬಸವನಹುಳು, ಎರಡು ವಾರ ಬಿಟ್ಟು ಒಂದು ಜೊತೆ ಕ್ಲೌನ್ ಮೀನು, ಅದೂ ಹ್ಯಾಚರಿಯಲ್ಲಿ ಹುಟ್ಟಿದ್ದು ಕೇಳಿ ತಗೊಳ್ಳಿ. ನಮ್ಮ ಕೇರಳದಲ್ಲೇ ಇರೋ ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಯವರೇ ಕ್ಲೌನ್ ಮರಿ ಮಾಡಿಸುವ ವಿಧಾನ ಮಾಡಿ ಇಟ್ಟಿದ್ದಾರೆ, ಸಮುದ್ರದಿಂದ ಹಿಡಿದದ್ದೇ ಬೇಕಂತ ಇಲ್ಲ. ಯಾವ ಮೀನೇ ಆಗ್ಲಿ ಬೇರೆ ಸಣ್ಣ ಟ್ಯಾಂಕಲ್ಲಿ ಒಂದು ತಿಂಗಳು ಇಟ್ಟು ನೋಡಿ, ಬಿಳಿ ಚುಕ್ಕೆ ರೋಗ ಒಮ್ಮೆ ದೊಡ್ಡ ಟ್ಯಾಂಕಿಗೆ ಹೊಕ್ಕರೆ ಮೀನೆಲ್ಲ ತೆಗೆದು ಎರಡೂವರೆ ತಿಂಗಳು ಖಾಲಿ ಬಿಡ್ಬೇಕಾಗ್ತದೆ. ಕೋರಲಲ್ಲಿ ಮೊದಲ ವರ್ಷ ಮಶ್ರೂಮ್, ಜೋವಾ, ಲೆದರ್ ಇಂಥ ಮೆತ್ತನೆಯವು ಸಾಕು, ಬಿಲ್ ಕೊಡುವ ಕಡೆಯಿಂದಲೇ ತನ್ನಿ. ಅಲ್ಕಲಿನಿಟಿ (ನೀರಿನ ಕ್ಷಾರದ ಅಳತೆ) 8-9 ಡಿಕೆಎಚ್, ಕ್ಯಾಲ್ಸಿಯಂ 400-450 ಪಿಪಿಎಂ, ಮೆಗ್ನೀಷಿಯಂ 1300 ಪಿಪಿಎಂ ಹತ್ತಿರ ಇದ್ರೆ ಆಯ್ತು, ನಂಬರ್ ಹಿಂದೆ ಓಡ್ಬೇಡಿ, ಏರಿಳಿತ ಇಲ್ಲದ ಹಾಗೆ ನೋಡಿಕೊಳ್ಳಿ. ಎಲೆಯಡಿಕೆ ಸುಣ್ಣ ಹಾಕ್ಬಹುದಾ ಅಂತ ಅಪ್ಪ ಕೇಳಿದ್ರು, ಕ್ಯಾಲ್ಸಿಯಂ ಕೊಡ್ಲಿಕ್ಕೆ ಟ್ಯಾಂಕಿಗೆ ಹಾಕುವ ಕ್ಯಾಲ್ಕ್ ಅಂದ್ರೆ ಸುಣ್ಣವೇ ಹೌದು, ಆದ್ರೆ ಆ ಡಬ್ಬಿಯಲ್ಲಿ ಇನ್ನು ಎಂತೆಂತ ಉಂಟೋ, ಶುದ್ಧದ್ದೇ ತಗೊಳ್ಳಿ.

ಎರಡು ವಾರಕ್ಕೊಮ್ಮೆ ತೆಗೆಯುವ 80 ಲೀಟರ್ ಹಳೇ ಉಪ್ಪುನೀರನ್ನು ಅಡಿಕೆ ಬುಡಕ್ಕಾಗಲೀ ಬಾವಿ ಕಡೆಗಾಗಲೀ ಬಿಡ್ಬೇಡಿ. ತೆಂಗು ಸ್ವಲ್ಪ ತಡೀತದೆ, ನಾನು ಸರದಿಯಲ್ಲಿ ಒಂದೊಂದು ಸಲ ಒಂದೊಂದು ಮರದ ಬುಡಕ್ಕೆ ಹಾಕ್ತೇನೆ. ಆರ್‌ಒ ಬಿಟ್ಟ ನೀರು ಮಾತ್ರ ಸೀದಾ ತೋಟಕ್ಕೆ, ಒಂದು ಲೀಟರ್ ಒಳ್ಳೆ ನೀರಿಗೆ ಮೂರು ಲೀಟರ್ ಹೊರಗೆ ಹೋಗ್ತದೆ, ಅದಕ್ಕೊಂದು ಪೈಪ್ ಮೊದಲೇ ಎಳೆದಿಡಿ.