ರಸೆಲ್ ಪತ್ರದ ಪ್ರತಿ: ನನ್ನ ಅನುಭವ

ಅಮೆರಿಕದ ಪಶ್ಚಿಮದ ಬದುಕನ್ನು ಚಿತ್ರಿಸಿದ ಕಲಾವಿದ ಚಾರ್ಲ್ಸ್ ಎಂ. ರಸೆಲ್ ಗೆಳೆಯರಿಗೆ ಬರೆಯುತ್ತಿದ್ದ ಪತ್ರಗಳಲ್ಲಿ ಅಕ್ಷರಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಚಿತ್ರ. ಹಾಳೆಯ ಮೇಲ್ಭಾಗದಲ್ಲಿ ಜಲವರ್ಣದ ಕುದುರೆ, ಸವಾರ, ಬಯಲು. ಅದರ ಸುತ್ತ ಕಾಗುಣಿತದ ಹಂಗಿಲ್ಲದ ಮಾತು. ಅಂಥದೊಂದು ಪತ್ರ ಅಮೆರಿಕದ ಮೊಂಟಾನಾ ರಾಜ್ಯದ ಒಂದು ಮನೆಯ ಗೋಡೆಯ ಮೇಲೆ ಬಹಳ ಕಾಲದಿಂದ ಇತ್ತು. ಮೂಲವನ್ನು ಬೆಳಕು ತಾಗದಂತೆ ಎತ್ತಿಟ್ಟು, ಗೋಡೆಗೆ ಒಂದು ಪ್ರತಿ, ಮಕ್ಕಳಿಗೆ ಒಂದೊಂದು ಪ್ರತಿ ಮಾಡಿಸಬೇಕೆಂದು ಮನೆಯವರು ನಾನು ಕೆಲಸ ಮಾಡುವ ಪ್ರಿಂಟ್ ಸ್ಟುಡಿಯೊಗೆ ಬಂದರು.

ರಸೆಲ್ ಹುಟ್ಟಿದ್ದು 1864ರಲ್ಲಿ, ಸೇಂಟ್ ಲೂಯಿಯಲ್ಲಿ. ಹದಿನಾರರ ಹರೆಯದಲ್ಲಿ ಮೊಂಟಾನಾಕ್ಕೆ ಬಂದು ದನದ ಹಿಂಡುಗಳ ಜೊತೆ ವರ್ಷಗಟ್ಟಲೆ ದುಡಿದ. 1886–87ರ ಭೀಕರ ಚಳಿಗಾಲದಲ್ಲಿ ಹಿಂಡು ಹೇಗಿದೆ ಎಂದು ಮಾಲೀಕರು ಕೇಳಿದಾಗ, ಎಲುಬು ಎದ್ದ ಒಂಟಿ ದನ, ಅದು ಬೀಳುವುದನ್ನೇ ಕಾಯುತ್ತಿರುವ ತೋಳಗಳು, ಇಷ್ಟನ್ನೇ ಅಂಗೈಯಗಲದ ಕಾಗದದ ಮೇಲೆ ಬರೆದ. ಅವನ ಹೆಸರು ಊರೂರಿಗೆ ಮುಟ್ಟಿದ್ದು ಆ ಚಿತ್ರದಿಂದ. ಕಾರ್ಡು, ಪತ್ರ, ಸಿಕ್ಕಿದ ಕಾಗದ, ಯಾವುದನ್ನೂ ಬಿಡದೆ ಬರೆದವನು ಅವನು. ಆ ಕಾಗದಗಳೆಲ್ಲ ನೂರು ವರ್ಷ ಬಾಳಲೆಂದು ತಯಾರಾದವಲ್ಲ. ನನ್ನ ಕೆಲಸದ ಕಷ್ಟ ಶುರುವಾಗುವುದೇ ಅಲ್ಲಿ.

ಜಲವರ್ಣಕ್ಕೆ ಬೆಳಕೇ ಶತ್ರು. ಸಂಗ್ರಹಾಲಯಗಳು ಇಂಥ ಚಿತ್ರಗಳನ್ನು ಸುಮಾರು 50 ಲಕ್ಸ್‌ನ (ಲಕ್ಸ್ ಎಂದರೆ ಬೆಳಕಿನ ತೀವ್ರತೆಯ ಅಳತೆ) ಮಂದ ಬೆಳಕಿನಲ್ಲಷ್ಟೇ ತೋರಿಸುವುದು ರೂಢಿ. ಹಾಗಾಗಿ ಪತ್ರವನ್ನು ಹೊರತೆಗೆಯುವ ಮೊದಲೇ ಎಲ್ಲ ಸಿದ್ಧತೆ ಮುಗಿಸಿದೆ. ಅದೇ ಅಳತೆಯ ಖಾಲಿ ಹಾಳೆಯಿಟ್ಟು, ಎರಡೂ ಕಡೆಯಿಂದ 45 ಡಿಗ್ರಿ ಕೋನದಲ್ಲಿ ದೀಪ ನಿಲ್ಲಿಸಿ, ನಾಲ್ಕು ಮೂಲೆಗೂ ನಡುವಿಗೂ ಬೆಳಕು ಸಮನಾಗುವವರೆಗೆ ಮೀಟರ್ ಹಿಡಿದು ನೋಡಿದೆ. ಕ್ಯಾಮೆರಾ ನೇರವಾಗಿದೆಯೇ ಎಂದು ತಿಳಿಯಲು ಹಾಳೆಯ ಜಾಗದಲ್ಲಿ ಒಂದು ಕನ್ನಡಿ ಇಟ್ಟೆ. ಲೆನ್ಸಿನ ಬಿಂಬ ಚೌಕಟ್ಟಿನ ನಟ್ಟನಡುವೆ ಬಂದರೆ ಕ್ಯಾಮೆರಾದೊಳಗೆ ಬಿಂಬ ಹಿಡಿಯುವ ಸೆನ್ಸರೂ ಹಾಳೆಯೂ ಸಮಾನಾಂತರ. ದುಬಾರಿ ಉಪಕರಣಗಳಿಗಿಂತ ಈ ಕನ್ನಡಿಯನ್ನೇ ನಾನು ಹೆಚ್ಚು ನಂಬುತ್ತೇನೆ. ಆಮೇಲೆ ಪತ್ರ, ಪಕ್ಕದಲ್ಲಿ ಬಣ್ಣ ಹೋಲಿಸಿ ಸರಿಪಡಿಸಲು 24 ಚೌಕಗಳ ಬಣ್ಣದ ಕಾರ್ಡು. ಇಂಚಿಗೆ 600 ಪಿಕ್ಸೆಲ್ ಸಿಗುವ ಹಾಗೆ ಸೆರೆಹಿಡಿದು, ಪತ್ರವನ್ನು ಕೂಡಲೇ ಹೊದಿಕೆಯೊಳಗೆ ಇಟ್ಟೆ. ವಾರ್ನಿಶ್ ಹೊಳೆಯುವ ತೈಲವರ್ಣವಾಗಿದ್ದರೆ ದೀಪಕ್ಕೂ ಲೆನ್ಸಿಗೂ ಹೊಳಪನ್ನು ತಡೆಯುವ ಪೋಲರೈಸರ್ ಫಿಲ್ಟರ್ ಹಾಕುತ್ತಿದ್ದೆ. ಇಲ್ಲಿ ಅದರ ಅಗತ್ಯವಿರಲಿಲ್ಲ. ಹೊಳಪಿಲ್ಲದ ಕಾಗದಕ್ಕೆ ಅದನ್ನು ಬಳಸಿದರೆ ಮಡಿಕೆಯ ಜೀವ ಹೋಗಿಬಿಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡದ್ದು ಆಕಾಶ. ಕಣ್ಣಿಗೆ ತಿಳಿನೀಲಿ, ಪರದೆಯ ಮೇಲೆ ನೇರಳೆ. ಕೋಬಾಲ್ಟ್ ನೀಲಿಯಂಥ ಬಣ್ಣಗಳು ನೀಲಿಯ ಜೊತೆಗೆ, ನಮ್ಮ ಕಣ್ಣು ಹೆಚ್ಚುಕಡಿಮೆ ಗಮನಿಸದ ಕಡುಗೆಂಪು ತುದಿಯ ಬೆಳಕನ್ನೂ ಪ್ರತಿಫಲಿಸುತ್ತವೆ. ಸೆನ್ಸರ್ ಅದನ್ನು ಕಂಡು ಕೆಂಪು ಸೇರಿಸುತ್ತದೆ. ಕಾರ್ಡಿನ ಚೌಕಗಳೆಲ್ಲ ಸರಿಯಾಗಿ ಬಂದರೂ ಈ ನೀಲಿ ಮಾತ್ರ ತಪ್ಪುವುದು ಅದಕ್ಕೇ. ರಸೆಲ್‌ನ ಚಿತ್ರದಲ್ಲಿ ಇದು ಸಣ್ಣ ವಿಷಯವಲ್ಲ. ಬೆಟ್ಟದ ನೆರಳಿಗೆ ಅವನು ನಿಜವಾಗಿಯೇ ನೇರಳೆ ಹಚ್ಚುತ್ತಾನೆ, ಮೊಂಟಾನಾದ ಸಂಜೆ ಇರುವುದೇ ಹಾಗೆ. ಇಡೀ ಚಿತ್ರದ ನೇರಳೆಯನ್ನು ಒಟ್ಟಿಗೆ ತಗ್ಗಿಸಿದರೆ ಆಕಾಶ ಸರಿಹೋಗುತ್ತದೆ, ಬೆಟ್ಟ ಸತ್ತುಹೋಗುತ್ತದೆ. ಹಾಗಾಗಿ ಆಕಾಶವನ್ನಷ್ಟೇ ಪ್ರತ್ಯೇಕಿಸಿ, ಸಣ್ಣ ಸಣ್ಣ ಪಟ್ಟಿಗಳನ್ನು ಪ್ರಿಂಟ್ ಮಾಡಿ, ಹಗಲಿನಂಥ ಬಿಳಿ ಬೆಳಕಿನ 5000 ಕೆಲ್ವಿನ್ ದೀಪದಡಿ ಮೂಲದ ಪಕ್ಕದಲ್ಲೇ ಇಟ್ಟು ಹೋಲಿಸಿದೆ. ಆ ಪಟ್ಟಿಗಳನ್ನು ಮನೆಯ ಹಳದಿ ಬಲ್ಬಿನಡಿಯೂ ನೋಡಿದೆ. ಒಂದು ಬೆಳಕಿನಲ್ಲಿ ಹೊಂದಿದ ಎರಡು ಬಣ್ಣ ಇನ್ನೊಂದರಲ್ಲಿ ಬೇರೆಯಾಗುವುದುಂಟು, ಪ್ರತಿ ತೂಗುವುದಂತೂ ಮನೆಯ ಬಲ್ಬಿನ ಕೆಳಗೇ. ನೆನಪನ್ನು ನಂಬಿ ಬಣ್ಣ ತಿದ್ದುವುದನ್ನು ನಾನು ಒಪ್ಪುವುದಿಲ್ಲ. ಮೂಲ ಕೈಯಳತೆಯಲ್ಲಿ ಇಲ್ಲದಿದ್ದರೆ ಬಣ್ಣದ ಕೆಲಸಕ್ಕೆ ಕೂರಲೇಬಾರದು.

ಕಾಗದ ನೂರಕ್ಕೆ ನೂರು ಹತ್ತಿಯದು, ಆಮ್ಲವಿಲ್ಲದ್ದು. ಬೆಳ್ಳಗೆ ಕಾಣಲೆಂದು ಬೆರೆಸುವ ಹೊಳಪುಕಾರಕ ಅದರಲ್ಲಿದೆಯೇ ಎಂದು ಯುವಿ (ನೇರಳಾತೀತ) ಟಾರ್ಚ್ ಬಿಟ್ಟು ನೋಡಿಕೊಳ್ಳುತ್ತೇನೆ. ನೀಲಿಯಾಗಿ ಬೆಳಗಿದರೆ ಆ ಕಾಗದ ಬೇಡ, ಹೊಳಪುಕಾರಕ ಸೋತಂತೆ ಬಿಳಿಯೂ ಮಾಸುತ್ತದೆ. ಶಾಯಿ ಪಿಗ್ಮೆಂಟಿನದು, ಅಂದರೆ ಕರಗದ ಬಣ್ಣದ ಕಣಗಳದು. 1990ರ ದಶಕದ ಮೊದಲ ಡಿಜಿಟಲ್ ಕಲಾಪ್ರತಿಗಳನ್ನು ಐರಿಸ್ ಎಂಬ ಇಂಕ್‌ಜೆಟ್ ಪ್ರಿಂಟರುಗಳಲ್ಲಿ, ದ್ರವದಲ್ಲಿ ಕರಗಿದ ಬಣ್ಣದ ಡೈ ಶಾಯಿಯಿಂದ ತೆಗೆಯುತ್ತಿದ್ದರು. ನೋಡಲು ಬಲು ಚಂದ, ಆದರೆ ಆರಂಭದ ಶಾಯಿಗಳು ಬೇಗ ಮಾಸಿದವು. ಆ ಪಾಠ ಕಲಿತೇ ನಮ್ಮ ಕಸುಬು ಪಿಗ್ಮೆಂಟಿಗೆ ಹೊರಳಿತು.

ಪತ್ರದ ಹಾಳೆ ಹಳದಿಗಟ್ಟಿತ್ತು, ಮಡಿಕೆಯ ಗೆರೆ ಕಂದಾಗಿತ್ತು, ಒಂದು ಮೂಲೆಯಲ್ಲಿ ನೀರಿನ ಕಲೆ ಇತ್ತು. ಅದನ್ನೆಲ್ಲ ತೆಗೆದು ಹೊಸದರಂತೆ ಮಾಡಬಹುದಲ್ಲವೇ ಎಂದು ಮನೆಯವರು ಕೇಳಿದರು. ಮಾಡಬಹುದು, ಕಷ್ಟವೇನಿಲ್ಲ. ಆದರೆ ಹಾಳೆಯನ್ನು ಬೆಳ್ಳಗೆ ಮಾಡಿದ ಕ್ಷಣವೇ ಆಕಾಶದ ನೀಲಿ, ಶಾಯಿಯ ಕಂದು, ಎಲ್ಲದರ ಸಂಬಂಧ ಬದಲಾಗುತ್ತದೆ. ರಸೆಲ್ ಬರೆದ ದಿನ ಬಣ್ಣ ಹೇಗಿತ್ತು ಎಂದು ಊಹಿಸಿ ಹಚ್ಚಿದರೆ ಅದು ನನ್ನ ಚಿತ್ರವಾಗುತ್ತದೆ, ಅವನದಲ್ಲ. ಇಂದು ಆ ಪತ್ರ ಹೇಗಿದೆಯೋ ಹಾಗೇ ಪ್ರಿಂಟ್ ಮಾಡೋಣ ಎಂದೆ. ಪಟ್ಟಿಗಳನ್ನು ಮೂಲದ ಪಕ್ಕದಲ್ಲಿಟ್ಟು ತೋರಿಸಿದಾಗ ಅವರೂ ಒಪ್ಪಿದರು. ಹಾಳೆಯ ಅಂಚು ಪೂರ್ತಿ ಕಾಣುವಂತೆ ಸುತ್ತಲೂ ಅಗಲ ಖಾಲಿ ಜಾಗ ಬಿಟ್ಟೆ.

ಇಷ್ಟು ನಿಷ್ಠೆಯ ಪ್ರತಿಯಲ್ಲಿ ಒಂದು ಅಪಾಯವೂ ಇದೆ. ಅಮೆರಿಕದ ಪಶ್ಚಿಮವನ್ನು ಬರೆದ ಕಲಾವಿದರಲ್ಲಿ ರಸೆಲ್‌ನಷ್ಟು ನಕಲಿಗೆ ಗುರಿಯಾದವರು ಕಡಿಮೆ. ಸಹಿಯ ಜೊತೆ ಅವನು ಹಾಕುತ್ತಿದ್ದ ಕಾಡೆಮ್ಮೆಯ ತಲೆಬುರುಡೆಯನ್ನು ಮೋಸಗಾರರು ಚೆನ್ನಾಗಿ ಕಲಿತಿದ್ದಾರೆ. ಖಾಲಿ ಅಂಚಿನಲ್ಲಿ 'ಪ್ರತಿ' ಎಂದು ಬರೆದರೆ ಕತ್ತರಿಗೆ ಒಂದು ನಿಮಿಷದ ಕೆಲಸ, ಪೆನ್ಸಿಲ್ಲಿನಲ್ಲಿ ಬರೆದರೆ ರಬ್ಬರು ಸಾಕು. ಅದಕ್ಕಾಗಿಯೇ ಎರಡೂ ಬದಿಗೆ ಶಾಯಿ ಹಿಡಿಯುವ ಲೇಪನವಿರುವ ಕಾಗದ ಆರಿಸಿದ್ದೆ. ಚಿತ್ರದ ಹಿಂಬದಿಯ ನಡುಭಾಗದಲ್ಲೇ, ಇದು ಪ್ರತಿ ಎಂಬುದನ್ನು, ವರ್ಷವನ್ನು, ಕಾಗದ ಮತ್ತು ಶಾಯಿಯ ವಿವರವನ್ನು ಅದೇ ಪಿಗ್ಮೆಂಟ್ ಶಾಯಿಯಲ್ಲಿ ಪ್ರಿಂಟ್ ಮಾಡಿದೆ. ಇದನ್ನು ಅಳಿಸಹೊರಟರೆ ಹಾಳೆಯೇ ಹಾಳಾಗುತ್ತದೆ. ಒಂದು ದಿನ ಬಿಡಿಬಿಡಿಯಾಗಿ ಒಣಗಿಸಿ, ನಡುನಡುವೆ ಆಮ್ಲರಹಿತ ಹಾಳೆಯಿಟ್ಟು ಮನೆಯವರ ಕೈಗೆ ಕೊಟ್ಟೆ. ಫ್ರೇಮ್ ಹಾಕಿಸುವಾಗ ಪ್ರಿಂಟು ಗಾಜಿಗೆ ಅಂಟದಂತೆ ನಡುವೆ ಮೌಂಟ್ (ರಟ್ಟಿನ ಚೌಕಟ್ಟು) ಇರಲಿ, ಹಿಂಬದಿಯ ಬರಹದ ಮೇಲೆ ಏನನ್ನೂ ಅಂಟಿಸಬೇಡಿ ಎಂದು ಹೇಳಿ ಕಳಿಸಿದೆ.