ಪಹಣಿಯೊಂದನ್ನು ಮುಂದಿಟ್ಟುಕೊಂಡು ಮಾಹಿತಿ ಸಮಾಜದ ಸಿದ್ಧಾಂತಗಳನ್ನು ಓದುವ ಬಗೆ

ಮಾಹಿತಿ ಸಮಾಜದ, ಅಂದರೆ ಮಾಹಿತಿಯ ಸೃಷ್ಟಿ ಮತ್ತು ಹರಿವೇ ಮುಖ್ಯವಾದ ಸಮಾಜದ, ಸಿದ್ಧಾಂತಗಳನ್ನು ಕುರಿತು ಕಿರುಪ್ರಬಂಧ ಬರೆಯಲು ಹೊರಟ ಎಂ.ಎ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲ ಅಧ್ಯಾಯಕ್ಕೆ ಅಮೆರಿಕದ ಸಮಾಜಶಾಸ್ತ್ರಜ್ಞ ಡೇನಿಯಲ್ ಬೆಲ್, ಎರಡನೆಯದಕ್ಕೆ ಸ್ಪೇನಿನ ಸಮಾಜಶಾಸ್ತ್ರಜ್ಞ ಮ್ಯಾನುವೆಲ್ ಕ್ಯಾಸ್ಟೆಲ್ಸ್, ಮೂರನೆಯದಕ್ಕೆ ಜರ್ಮನಿಯ ತತ್ವಜ್ಞ ಹೇಬರ್ಮಾಸ್ ಎಂದು ಸಾಲಾಗಿ ಕೂರಿಸಿ, ತಾವು ನಿಜವಾಗಿ ಅಧ್ಯಯನ ಮಾಡಬೇಕೆಂದಿದ್ದ ಸಂಗತಿಯನ್ನು ಕೊನೆಯ ಹದಿನೈದು ಪುಟಗಳಲ್ಲಿ ತುರುಕಿ ಮುಗಿಸಿಬಿಡುತ್ತಾರೆ. ಹೀಗೆ ಬರೆದಾಗ ಸಿದ್ಧಾಂತ ಒಂದು ಕಡೆಗೂ ಊರು ಇನ್ನೊಂದು ಕಡೆಗೂ ಉಳಿಯುತ್ತವೆ. ನಾನು ಇಲ್ಲಿ ವಿವರಿಸುವ ದಾರಿ ಇದಕ್ಕೆ ವಿರುದ್ಧವಾದದ್ದು: ಕೈಯಲ್ಲಿ ಹಿಡಿಯಬಹುದಾದ ಒಂದು ದಾಖಲೆಯನ್ನು ಮೊದಲು ಎತ್ತಿಕೊಂಡು, ಅದು ಹುಟ್ಟಿಸುವ ಪ್ರಶ್ನೆಗೆ ತಕ್ಕಂತೆ ಒಬ್ಬೊಬ್ಬ ಚಿಂತಕನನ್ನು ಕರೆಯುವುದು.

ಉದಾಹರಣೆಗೆ ಕರ್ನಾಟಕದ 'ಭೂಮಿ' ಯೋಜನೆಯನ್ನು ತೆಗೆದುಕೊಳ್ಳೋಣ. ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಅಂದಾಜು 2 ಕೋಟಿ ಪಹಣಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, 2001ರ ಆಸುಪಾಸಿನಲ್ಲಿ 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿಯನ್ನು ಕೊಡಲು ಆರಂಭಿಸಿದ ಈ ಯೋಜನೆಯ ಜೊತೆಗೇ ಕೈಬರಹದ ಪಹಣಿಯ ಮಾನ್ಯತೆಯೂ ಕೊನೆಗೊಂಡಿತು. ಅಲ್ಲಿಯವರೆಗೆ ದಾಖಲೆ ಇದ್ದದ್ದು ರಾಜ್ಯದ ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿ, ಅವರಿಗೂ ಹಿಂದೆ ವಂಶಪಾರಂಪರ್ಯದ ಶ್ಯಾನುಭೋಗರ ಕಡತದಲ್ಲಿ. ಯಾವ ಕಾಲದಲ್ಲಿ, ಯಾವ ಕೈಯಿಂದ ಯಾವ ಕೈಗೆ ಮಾಹಿತಿ ದಾಟಿತು ಎಂದು ಇಷ್ಟು ಸ್ಪಷ್ಟವಾಗಿ ಗುರುತಿಸಬಹುದಾದ ಪ್ರಸಂಗಗಳು ಹೆಚ್ಚಿಲ್ಲ. ಆದ್ದರಿಂದಲೇ ಹೊಸಬರಿಗೆ ಇದು ಅನುಕೂಲಕರ.

ಮೊದಲ ಕೆಲಸ ಓದುವುದಲ್ಲ, ನೋಡುವುದು. ನಿಮ್ಮ ಮನೆಯದೇ ಆದ ಅಥವಾ ಪರಿಚಿತರ ಜಮೀನಿನ ಹಳೆಯ ಕೈಬರಹದ ಪಹಣಿಯನ್ನೂ ಇತ್ತೀಚಿನ ಕಂಪ್ಯೂಟರ್ ಪಹಣಿಯನ್ನೂ ಅಕ್ಕಪಕ್ಕ ಇಟ್ಟುಕೊಂಡು, ಯಾವ ಚಿಂತಕನ ಹೆಸರನ್ನೂ ಎತ್ತದೆ ಎರಡು ಪುಟ ವರ್ಣನೆ ಬರೆಯಿರಿ. ಸರ್ವೆ ನಂಬರು, ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ನೆಲ), 9ನೇ ಕಾಲಮ್ಮಿನಲ್ಲಿ ಸ್ವಾಧೀನದಾರರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿದಾರರ ಹೆಸರು ಮತ್ತು ಬೆಳೆ: ಇವುಗಳಲ್ಲಿ ಯಾವುದು ಹಾಗೆಯೇ ಉಳಿಯಿತು, ಯಾವುದು ಬದಲಾಯಿತು, ಯಾವುದು ಕಾಣೆಯಾಯಿತು ಎಂಬುದನ್ನು ಗುರುತು ಹಾಕಿ. ನಮ್ಮ ಮನೆಯ ಪಹಣಿಯಲ್ಲಿ ಹೀಗೆ ಹೋಲಿಸಿದಾಗ ಕಂಡದ್ದು ಒಂದು ಒತ್ತಕ್ಷರದ ಕಣ್ಮರೆ. ತಾತನ ಹೆಸರಿನ 'ದ್ದ' ಟೈಪ್ ಮಾಡುವಾಗ ಬರಿಯ 'ದ' ಆಗಿತ್ತು. ಬೆಳೆಸಾಲಕ್ಕೆ ಹೋದಾಗ ಬ್ಯಾಂಕಿನವರು ಆಧಾರ್ ಕಾರ್ಡಿನ ಹೆಸರಿಗೂ ಪಹಣಿಯ ಹೆಸರಿಗೂ ತಾಳೆಯಾಗುವುದಿಲ್ಲವೆಂದು ಅರ್ಜಿಯನ್ನು ಪಕ್ಕಕ್ಕಿಟ್ಟರು. ತಿದ್ದುಪಡಿಯ ಕಡತ ಮೇಜಿನಿಂದ ಮೇಜಿಗೆ ಅಲೆದು ಬರುವ ಹೊತ್ತಿಗೆ ಬಿತ್ತನೆ ಮುಗಿದೇ ಹೋಗಿತ್ತು. ಹಿಂದಿನ ಗ್ರಾಮ ಲೆಕ್ಕಿಗರಾಗಿದ್ದರೆ ಜೇಬಿನ ಪೆನ್ನು ತೆಗೆದು ಒಂದು ಒತ್ತು ಹಾಕಿಬಿಡುತ್ತಿದ್ದರು. ಆದರೆ ಅದೇ ಪೆನ್ನಿನಿಂದ ಬೇರೆಯವರ ಹೆಸರನ್ನೂ ಬರೆಯಬಹುದಾಗಿತ್ತು ಎಂಬುದನ್ನು ಮರೆಯಬಾರದು, ಮತ್ತು ಯೋಜನೆಯನ್ನು ತಂದವರು ಮುಂದಿಟ್ಟ ವಾದದ ತಿರುಳೂ ಅದೇ ಆಗಿತ್ತು. ನಿಮ್ಮ ವರ್ಣನೆಯಲ್ಲಿ ಈ ಎರಡು ಮುಖಗಳೂ ಇರಲಿ. ಮುಂದೆ ಸಿದ್ಧಾಂತಗಳ ನಡುವೆ ಬರುವ ಜಗಳವೆಲ್ಲ ಈ ಪೆನ್ನನ್ನು ಕುರಿತದ್ದೇ.

ಆಮೇಲೆ 'ಮಾಹಿತಿ ಸಮಾಜ' ಎಂಬ ಮಾತನ್ನು ಯಾವ ಅರ್ಥದಲ್ಲಿ ಬಳಸುತ್ತೀರಿ ಎಂದು ತೀರ್ಮಾನಿಸಬೇಕು. ಬ್ರಿಟಿಷ್ ಸಮಾಜಶಾಸ್ತ್ರಜ್ಞ ಫ್ರಾಂಕ್ ವೆಬ್‌ಸ್ಟರ್ 1995ರಲ್ಲಿ ಈ ಮಾತಿನ ಹಿಂದೆ ಐದು ಬೇರೆ ಬೇರೆ ಅಳತೆಗೋಲುಗಳಿವೆ ಎಂದು ತೋರಿಸಿದರು: ತಂತ್ರಜ್ಞಾನ, ಆರ್ಥಿಕತೆ, ಉದ್ಯೋಗ, ಸ್ಥಳ ಮತ್ತು ಸಂಸ್ಕೃತಿ. ಐದನ್ನೂ ಒಟ್ಟಿಗೆ ಬಳಸಲು ಹೋಗಬೇಡಿ. ಪಹಣಿಗೆ ಒದಗಿಬರುವುದು ಮುಖ್ಯವಾಗಿ ಉದ್ಯೋಗ ಮತ್ತು ಸ್ಥಳದ ಅಳತೆಗೋಲುಗಳು, ಏಕೆಂದರೆ ಇಲ್ಲಿ ಬದಲಾದದ್ದು ದಾಖಲೆ ಬರೆಯುವವರ ಕೆಲಸ ಮತ್ತು ಆ ದಾಖಲೆ ಸಿಗುವ ಜಾಗ.

ಅಂಕಿಗಳ ಬಗ್ಗೆ ಒಂದು ಎಚ್ಚರಿಕೆ. ಅರ್ಥಶಾಸ್ತ್ರಜ್ಞ ಫ್ರಿಟ್ಜ್ ಮ್ಯಾಕ್ಲಪ್ 1962ರಲ್ಲಿ, 1958ರ ಅಮೆರಿಕದ ಒಟ್ಟು ರಾಷ್ಟ್ರೀಯ ಉತ್ಪನ್ನದ ಶೇ. 29ರಷ್ಟು ಜ್ಞಾನೋದ್ಯಮಗಳಿಂದ ಬಂದದ್ದೆಂದು ಲೆಕ್ಕಹಾಕಿದರು. ಅಮೆರಿಕದ ಸಂಶೋಧಕ ಮಾರ್ಕ್ ಪೊರಾಟ್ 1977ರಲ್ಲಿ, 1967ರ ಉತ್ಪನ್ನದ ಶೇ. 46ರಷ್ಟನ್ನು ಮಾಹಿತಿ ವಲಯಕ್ಕೆ ಸೇರಿಸಿದರು. ಇದನ್ನು ಓದಿದವರು ಒಂಬತ್ತೇ ವರ್ಷದಲ್ಲಿ ಸಮಾಜವೇ ಬದಲಾಯಿತೆಂದು ಬರೆದುಬಿಡುವುದುಂಟು. ಬದಲಾದದ್ದರಲ್ಲಿ ದೊಡ್ಡ ಪಾಲು ಎಣಿಕೆಯ ಕ್ರಮದ್ದು. ಪೊರಾಟ್ ಬೇರೆ ಉದ್ಯಮಗಳ ಒಳಗೆ ಅಡಗಿರುವ ಮಾಹಿತಿ ಕೆಲಸವನ್ನೂ ಬಿಡಿಸಿ ಎಣಿಸಿದರು. ನಮ್ಮ ಪ್ರಸಂಗಕ್ಕೆ ತಂದು ನೋಡಿ: ಪಹಣಿ ಬರೆಯುತ್ತಿದ್ದ ಶ್ಯಾನುಭೋಗರು ಮಾಹಿತಿ ಕೆಲಸಗಾರರಲ್ಲವೇ? ಹೌದೆಂದರೆ ನಮ್ಮ ಹಳ್ಳಿಗಳಲ್ಲಿ ಮಾಹಿತಿ ಕೆಲಸಕ್ಕೆ ಕಂಪ್ಯೂಟರಿಗಿಂತ ಬಹಳ ಹಿಂದಿನ ಇತಿಹಾಸವಿದೆ. ಅಲ್ಲವೆಂದರೆ ಪಹಣಿ ಕೊಡುವ ಕಿಯಾಸ್ಕಿನಲ್ಲಿ ಕೂತ ಆಪರೇಟರನ್ನು ಯಾವ ಕಾರಣಕ್ಕೆ ಆ ಪಟ್ಟಿಗೆ ಸೇರಿಸುತ್ತೀರಿ ಎಂದು ಹೇಳಬೇಕಾಗುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಕೇಳಬಹುದಾದ ಪ್ರಶ್ನೆಯಿದು, ಬರೆಯುವಾಗಲೇ ಉತ್ತರಿಸಿಬಿಡುವುದು ಮೇಲು.

ಈಗ ಸಿದ್ಧಾಂತಗಳನ್ನು ಕರೆಯಬಹುದು. ಹೊಸ ಸಮಾಜವೇ ಹುಟ್ಟಿದೆ ಎನ್ನುವವರು ಮತ್ತು ಹಳೆಯ ಸಂಬಂಧಗಳೇ ಹೊಸ ಸಲಕರಣೆಯೊಡನೆ ಮುಂದುವರಿದಿವೆ ಎನ್ನುವವರು ಎಂದು ಅವನ್ನು ಎರಡು ಗುಂಪಾಗಿ ವಿಂಗಡಿಸಿಕೊಂಡರೆ ಸಾಕು. 1973ರಲ್ಲಿ ಕೈಗಾರಿಕೋತ್ತರ ಸಮಾಜದ ಆಗಮನವನ್ನು ಸಾರಿದ ಬೆಲ್, 1996ರಿಂದ ಮೂರು ಸಂಪುಟಗಳಲ್ಲಿ ಜಾಲ ಸಮಾಜವನ್ನು ವಿವರಿಸಿದ ಕ್ಯಾಸ್ಟೆಲ್ಸ್ ಮೊದಲ ಗುಂಪಿನವರು. ಬೆಲ್ ಅವರ ಚೌಕಟ್ಟು ನಮ್ಮ ಪ್ರಸಂಗಕ್ಕೆ ಅಷ್ಟಾಗಿ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ; ಅಮೆರಿಕದಲ್ಲಿ ಕಾರ್ಖಾನೆಯ ಕೆಲಸ ಹಿಂದೆ ಸರಿದು ಸೇವಾ ವಲಯ ಮುಂದೆ ಬಂದುದನ್ನು ಕಂಡು ಕಟ್ಟಿದ ವಾದವದು, ಇಲ್ಲಿ ಕಂಪ್ಯೂಟರ್ ಬಂದದ್ದು ಬೇಸಾಯದ ನಡುವೆಯೇ. ಕ್ಯಾಸ್ಟೆಲ್ಸ್ ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಜನ ಬದುಕುವ ಸ್ಥಳಗಳ ಮೇಲೆ 'ಹರಿವುಗಳ ಸ್ಥಳ', ಅಂದರೆ ಬಂಡವಾಳ ಮತ್ತು ಮಾಹಿತಿ ಹರಿಯುವ ಜಾಲ, ಹಿಡಿತ ಸಾಧಿಸುತ್ತದೆ ಎಂಬ ಅವರ ಮಾತನ್ನು ಬೆಂಗಳೂರಿನ ಸುತ್ತಲಿನ ಜಮೀನಿನ ವ್ಯವಹಾರದ ಪಕ್ಕದಲ್ಲಿಟ್ಟು ಓದಿದರೆ ಅರ್ಥವಾಗುವುದು ಬಹಳ.

ಎರಡನೆಯ ಗುಂಪಿನವರಲ್ಲಿ ಆಧುನಿಕ ರಾಷ್ಟ್ರಪ್ರಭುತ್ವ ಮೊದಲಿನಿಂದಲೂ ಮಾಹಿತಿ ಕಲೆಹಾಕಿಯೇ ಆಳಿದೆ ಎನ್ನುವ ಬ್ರಿಟಿಷ್ ಸಮಾಜಶಾಸ್ತ್ರಜ್ಞ ಆಂಟನಿ ಗಿಡೆನ್ಸ್, ಮತ್ತು ಪ್ರಭುತ್ವ ತನ್ನ ಕಣ್ಣಿಗೆ ಓದಲು ಸುಲಭವಾಗುವಂತೆ ನೆಲವನ್ನೂ ಜನರನ್ನೂ ಸರಳ ನಕ್ಷೆಗೆ ಇಳಿಸುತ್ತದೆ ಎಂದು 1998ರಲ್ಲಿ ವಾದಿಸಿದ ಅಮೆರಿಕದ ರಾಜಕೀಯ ವಿಜ್ಞಾನಿ ಜೇಮ್ಸ್ ಸ್ಕಾಟ್ ಇಬ್ಬರೂ ಪಹಣಿಗೆ ಹೇಳಿ ಮಾಡಿಸಿದಂತಿದ್ದಾರೆ. ಸರ್ವೆ ನಂಬರಿನ ಕಲ್ಲು ನೆಟ್ಟದ್ದು ಬ್ರಿಟಿಷರ ಕಾಲದ ಮೋಜಣಿ. ಕಂಪ್ಯೂಟರ್ ಆ ಕಲ್ಲನ್ನು ಕದಲಿಸಲಿಲ್ಲ, ಅದರ ಸುದ್ದಿಯನ್ನು ತಾಲ್ಲೂಕಿಗೂ ರಾಜಧಾನಿಗೂ ಏಕಕಾಲಕ್ಕೆ ಮುಟ್ಟಿಸಿತು, ಅಷ್ಟೆ. ಹೀಗೆ ಮಾಹಿತಿ ಕಲೆಹಾಕುವ ಪ್ರಭುತ್ವದ ಕಣ್ಗಾವಲಿನ ಚರ್ಚೆಯನ್ನು ಇನ್ನಷ್ಟು ಮುಂದಕ್ಕೆ ಒಯ್ಯಬೇಕೆಂದರೆ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಸುಪ್ರೀಂ ಕೋರ್ಟಿನ 24 ಆಗಸ್ಟ್ 2017ರ ತೀರ್ಪನ್ನು ಓದಿ. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಇಷ್ಟಾದ ಮೇಲೆ ಹೆಚ್ಚಿನವರು ಎಡವುವುದು ಒಂದು ವಾಕ್ಯದಲ್ಲಿ: 'ತಂತ್ರಜ್ಞಾನವು ಭ್ರಷ್ಟಾಚಾರವನ್ನು ತೊಡೆದುಹಾಕಿತು' ಅಥವಾ 'ತಂತ್ರಜ್ಞಾನವು ರೈತನನ್ನು ವಂಚಿಸಿತು'. ಎರಡರಲ್ಲೂ ಕರ್ತೃಪದ ಯಂತ್ರವೇ. ತಂತ್ರಜ್ಞಾನದ ಸಮಾಜಶಾಸ್ತ್ರವನ್ನು ಅಧ್ಯಯನ ಮಾಡಿದ ಟ್ರೆವರ್ ಪಿಂಚ್ ಮತ್ತು ವೀಬೆ ಬೈಕರ್ 1984ರಲ್ಲಿ ಸೈಕಲ್ಲಿನ ಇತಿಹಾಸವನ್ನು ಇಟ್ಟುಕೊಂಡು, ಒಂದೇ ವಸ್ತು ಬೇರೆ ಬೇರೆ ಸಾಮಾಜಿಕ ಗುಂಪುಗಳಿಗೆ ಬೇರೆ ಬೇರೆ ವಸ್ತುವಾಗಿಯೇ ಕಾಣುತ್ತದೆಂದು ತೋರಿಸಿದರು. ಮುಂದಿನ ಗಾಲಿ ಬಹಳ ಎತ್ತರವಾಗಿದ್ದ ಹಳೆಯ ಸೈಕಲ್ ತರುಣರಿಗೆ ಸಾಹಸವಾಗಿತ್ತು, ಹೆಂಗಸರಿಗೂ ವಯಸ್ಸಾದವರಿಗೂ ಅಪಾಯವಾಗಿತ್ತು. ಅದೇ ವಿಧಾನದಲ್ಲಿ ಪಹಣಿಯ ಸುತ್ತಲಿನ ಗುಂಪುಗಳನ್ನು ಪಟ್ಟಿ ಮಾಡಿ: ಸಾಲ ಬೇಕಾದ ರೈತ, ಅಡಮಾನ ಪರಿಶೀಲಿಸುವ ಬ್ಯಾಂಕು, ಅಧಿಕಾರ ಕುಗ್ಗಿದ ಗ್ರಾಮ ಲೆಕ್ಕಿಗ, ಬೆರಳಚ್ಚು ಕೊಟ್ಟು ಲಾಗಿನ್ ಆಗುವ ಆಪರೇಟರ್, ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅಲೆಯುವ ವಿಧವೆ, ನೂರಾರು ಎಕರೆ ಹುಡುಕುವ ಖರೀದಿದಾರ. 'ಭೂಮಿ'ಯಲ್ಲಿ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮ ತಂತ್ರಾಂಶದಲ್ಲಿಯೇ ಇತ್ತು. ಈ ಒಂದು ನಿಯಮವನ್ನು ಮೇಲಿನ ಒಬ್ಬೊಬ್ಬರೂ ಹೇಗೆ ಕಂಡರು ಎಂದು ಕೇಳಿದರೆ ಒಂದು ಅಧ್ಯಾಯಕ್ಕಾಗುವಷ್ಟು ಸಾಮಗ್ರಿ ಸಿಗುತ್ತದೆ. ವಿಶ್ವಬ್ಯಾಂಕ್ ಮೆಚ್ಚಿದ ಇದೇ ಯೋಜನೆಯನ್ನು ನಗರ ಅಧ್ಯಯನದ ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರ ಅಧ್ಯಯನದಲ್ಲಿ ಪೂರ್ತಿ ಬೇರೆಯಾಗಿ ಓದಿದರು: ದಾಖಲೆ ಹಳ್ಳಿಯಿಂದ ಮೇಲಕ್ಕೆ ಹೋದದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಕುಳಗಳು ಜಮೀನು ಒಟ್ಟುಗೂಡಿಸುವುದು ಸುಲಭವಾಯಿತೆಂಬುದು ಅವರ ವಾದ. ಎರಡನ್ನೂ ಉಲ್ಲೇಖಿಸಿ, 'ಸತ್ಯ ಎಲ್ಲೋ ಮಧ್ಯದಲ್ಲಿದೆ' ಎಂದು ಬರೆದು ಜಾರಿಕೊಳ್ಳಬೇಡಿ. ಯಾವ ಗುಂಪಿನ ಬದಿಯಲ್ಲಿ ನಿಂತು ನೋಡಿದಾಗ ಯಾವುದು ನಿಜವಾಗುತ್ತದೆ ಎಂದು ಹೇಳಿ.

ಹೇಬರ್ಮಾಸರ ಸಾರ್ವಜನಿಕ ವಲಯವನ್ನು, ಅಂದರೆ ಜನ ಕೂಡಿ ಮುಕ್ತವಾಗಿ ಚರ್ಚಿಸುವ ತಾಣದ ಪರಿಕಲ್ಪನೆಯನ್ನು, ಇಲ್ಲಿ ಬಿಟ್ಟರೂ ನಷ್ಟವಿಲ್ಲ. ನಿಮ್ಮ ವಿಷಯ ಪತ್ರಿಕೆಯೋ ವಾಟ್ಸ್ಆಪ್ ಗುಂಪೋ ಆಗಿದ್ದರೆ ಮಾತು ಬೇರೆ.

ಕ್ಷೇತ್ರಕಾರ್ಯಕ್ಕೆ ನಾಡಕಚೇರಿಯ ಕೌಂಟರಿನ ಮುಂದೆ ಎರಡು ದಿನ ಕೂತರೆ ಸಾಲದು, ಒಂದು ವಾರವಾದರೂ ಬೇಕು. ಮೊದಲ ಎರಡು ದಿನ ಎಲ್ಲರೂ ನಿಮ್ಮನ್ನು ಮೇಲಿನಿಂದ ಬಂದ ತನಿಖೆಯವರೆಂದೇ ತಿಳಿಯುತ್ತಾರೆ. 'ಕಂಪ್ಯೂಟರ್ ಬಂದ ಮೇಲೆ ಅನುಕೂಲವಾಯಿತೇ' ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. 'ಈ ಕಾಗದಕ್ಕಾಗಿ ಈವರೆಗೆ ಎಷ್ಟು ಸಲ ಬಂದಿರಿ, ಯಾರ ಜೊತೆ ಬಂದಿರಿ, ಅರ್ಜಿ ಬರೆದುಕೊಟ್ಟವರು ಯಾರು' ಎಂದು ಕೇಳಿ. ಕಚೇರಿಯ ಹೊರಗೆ ಮರದ ಕೆಳಗೆ ಅರ್ಜಿ ಬರೆದುಕೊಡುವವರ ಜೊತೆ ಒಂದು ಚಹಾ ಕುಡಿಯುವುದು ಯಾವ ಪ್ರಶ್ನಾವಳಿಗೂ ಕಡಿಮೆಯಲ್ಲ. ಪಹಣಿ ಯಾರು ಬೇಕಾದರೂ ನೋಡಬಹುದಾದ ದಾಖಲೆಯೇ ಆದರೂ ಪ್ರಬಂಧದಲ್ಲಿ ಹೆಸರನ್ನೂ ಸರ್ವೆ ನಂಬರನ್ನೂ ಮರೆಮಾಡಿ.

ಬರವಣಿಗೆಗೆ ಕೂರುವ ಮೊದಲು 12ನೇ ಕಾಲಮ್ಮಿಗೆ ಮತ್ತೊಮ್ಮೆ ಮರಳಿ. 1974ರ ಭೂಸುಧಾರಣೆಯ ನಂತರ ಸೈನಿಕರು ಮತ್ತು ನಾವಿಕರಂಥ ಕೆಲವರನ್ನು ಬಿಟ್ಟರೆ ಉಳಿದವರು ಜಮೀನನ್ನು ಗೇಣಿಗೆ ಕೊಡುವುದು ಕಾನೂನಿನಲ್ಲಿ ನಿಷಿದ್ಧ. ಆದರೂ ಕೋರಿಗೋ ವಾರಕ್ಕೋ ಲಾವಣಿಗೋ ಬೇರೆಯವರ ಹೊಲ ಮಾಡುವವರು ಪ್ರತಿ ಊರಿನಲ್ಲೂ ಇದ್ದಾರೆ, ಮತ್ತು ಈ ಒಪ್ಪಂದ ಬಾಯಿಮಾತಿನದೇ ಆದ್ದರಿಂದ ಅವರ ಹೆಸರು ಆ ಕಾಲಮ್ಮಿನಲ್ಲಿ ಇರುವುದಿಲ್ಲ. ಬೆಳೆಸಾಲ, ಪರಿಹಾರ, ವಿಮೆ ಎಲ್ಲಕ್ಕೂ ಪಹಣಿಯೇ ಕೀಲಿಕೈಯಾದಷ್ಟೂ ಆ ಹೆಸರಿಲ್ಲದವರು ದೂರ ಉಳಿಯುತ್ತಾರೆ. ನಿಮ್ಮ ಸರ್ವೆ ನಂಬರಿನ ಹೊಲಕ್ಕೇ ಹೋಗಿ, ಅಲ್ಲಿ ಕಳೆ ಕೀಳುತ್ತಿರುವವರು ಯಾರು, ಬಿತ್ತನೆಗೆ ದುಡ್ಡು ಹಾಕಿದವರು ಯಾರು ಎಂದು ವಿಚಾರಿಸಿ, ಮುದ್ರಿತ ಪ್ರತಿಯಲ್ಲಿರುವ ಹೆಸರಿನ ಎದುರಿಗೆ ಆ ಉತ್ತರವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ಪ್ರಬಂಧದ ಮೊದಲ ಪುಟವನ್ನು ಅಲ್ಲಿಂದ ಆರಂಭಿಸಬಹುದು.